ಗೇಲನ ಬಲಿ ಮತ್ತು ನಮ್ಮ ಅನುಮೋದನೆ

ಹಿಟ್ಟಿನ ಕೋಳಿಯ ಕಥೆಯನ್ನು ಕೇಳದ ಜೈನ ಕುಟುಂಬ ಕರ್ನಾಟಕದಲ್ಲಿ ವಿರಳ. ದುಃಸ್ವಪ್ನದ ಶಾಂತಿಗಾಗಿ ಚಂಡಮಾರಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಮಗ ಯಶೋಧರ ಜೀವಹಿಂಸೆಗೆ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮನಸ್ಸನ್ನು ನೋಯಿಸಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯೊಂದನ್ನು ಕಡಿಯುತ್ತಾನೆ. ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಪ್ರಕಾರ ಈ ಸಂಕಲ್ಪಹಿಂಸೆಯ ಫಲವಾಗಿ ಮಗನು ನವಿಲಾಗಿಯೂ ತಾಯಿಯು ನಾಯಿಯಾಗಿಯೂ ಹುಟ್ಟಿ, ಅಲ್ಲಿಂದ ಮುಂದೆ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಕಡಿದವನಿಗೆ ಆ ಗತಿ ಬಂದದ್ದು ನನಗೆ ಬಾಲ್ಯದಲ್ಲಿಯೇ ಅರ್ಥವಾಗಿತ್ತು. ಕತ್ತಿಯನ್ನು ಮುಟ್ಟದ ತಾಯಿಗೂ ಪಾಲು ಏಕೆಂಬುದು ಮಾತ್ರ ಬಹುಕಾಲ ಅರ್ಥವಾಗಿರಲಿಲ್ಲ. ಶಾಸ್ತ್ರದ ಉತ್ತರ ಗೊತ್ತಿತ್ತು: ಕೃತ, ಕಾರಿತ, ಅನುಮತ, ಅಂದರೆ ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡುವವರನ್ನು ಒಪ್ಪುವುದು, ಈ ಮೂರೂ ಕರ್ಮಾಸ್ರವಕ್ಕೆ ದ್ವಾರಗಳೇ. ಗೊತ್ತಿರುವುದು ಬೇರೆ, ಮನಸ್ಸಿಗೆ ತಟ್ಟುವುದು ಬೇರೆ. ಅದು ತಟ್ಟಿದ್ದು ಕಳೆದ ಬೇಸಿಗೆಯಲ್ಲಿ, ಒಂದು ಕಂಪ್ಯೂಟರ್ ಆಟದ ಮುಂದೆ ಕುಳಿತಿದ್ದಾಗ ಎಂದರೆ ಹಿರಿಯ ಓದುಗರು ನಗಬಹುದು. ಆದರೂ ಆ ಆಟವನ್ನು ಒಂದು ಕಥಾಕೃತಿಯೆಂದೇ ಭಾವಿಸಿ ಇಲ್ಲಿ ವಿಮರ್ಶಿಸಲು ಹೊರಟಿದ್ದೇನೆ.

ಆಟದ ಹೆಸರು ‘ಬಾಲ್ಡರ್ಸ್ ಗೇಟ್ 3’. ಬೆಲ್ಜಿಯಂ ದೇಶದ ಘೆಂಟ್ ನಗರದ ಲಾರಿಯನ್ ಸ್ಟುಡಿಯೋಸ್ ಎಂಬ ಸಂಸ್ಥೆ ಇದನ್ನು 2023ರ ಆಗಸ್ಟ್ ತಿಂಗಳಲ್ಲಿ ಹೊರತಂದಿತು. ಆ ವರ್ಷದ ‘ದ ಗೇಮ್ ಅವಾರ್ಡ್ಸ್’ನಲ್ಲಿ ಶ್ರೇಷ್ಠ ಆಟವೆಂಬ ಮನ್ನಣೆಯೂ 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಇದಕ್ಕೆ ದೊರೆತವು. ಇದರ ಮೂಲ ಇನ್ನೂ ಹಳೆಯದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಕಥೆಯನ್ನು ಮಾತಿನಲ್ಲಿ ಕಟ್ಟುತ್ತ, ಸಂದೇಹ ಬಂದಲ್ಲಿ ದಾಳವನ್ನು ಉರುಳಿಸಿ ಮುಂದುವರಿಯುವ ಆಟವದು. ಅದನ್ನೇ ಕಂಪ್ಯೂಟರಿಗೆ ಇಳಿಸಿದಾಗ ಇಪ್ಪತ್ತು ಮುಖಗಳ ದಾಳ ತೆರೆಯ ಮೇಲೆ ಉರುಳುತ್ತದೆ. ಜೊತೆಯ ಆಟಗಾರರ ಸ್ಥಾನದಲ್ಲಿ ಯಂತ್ರವು ನಡೆಸುವ ಸಹಚರರು ಬರುತ್ತಾರೆ.

ಮುಂದೆ ಹೋಗುವ ಮೊದಲು ತಂದೆತಾಯಿಗಳಿಗೆ ಒಂದು ಎಚ್ಚರಿಕೆಯ ಮಾತು. ಯುರೋಪಿನ ಶ್ರೇಣೀಕರಣದಲ್ಲಿ ಇದು 18 ವರ್ಷ ತುಂಬಿದವರಿಗೆ ಮಾತ್ರ. ಕಾಳಗ, ರಕ್ತಪಾತ, ಶೃಂಗಾರ ಎಲ್ಲವೂ ಧಾರಾಳವಾಗಿವೆ. ಅನರ್ಥದಂಡವ್ರತದ ದೃಷ್ಟಿಯಿಂದ ಇಂತಹ ವಿನೋದವನ್ನು ಸಮರ್ಥಿಸುವ ಶಕ್ತಿ ನನಗಿಲ್ಲ, ಸಮರ್ಥಿಸುವುದೂ ಇಲ್ಲ. ಮೊಮ್ಮಗನಿಗೆ 22 ವರ್ಷ. ರಜೆಗೆ ಬಂದವನು ಹೇಗೂ ಆಡುತ್ತಿದ್ದ. ದೂರ ನಿಂತು ಗೊಣಗುವುದಕ್ಕಿಂತ ಪಕ್ಕದಲ್ಲಿ ಕುಳಿತು ನೋಡುವುದು ಲೇಸೆನಿಸಿತು. ಹೀಗೆ ಹತ್ತು ಹನ್ನೆರಡು ಸಂಜೆಗಳು ಕಳೆದವು.

ಕಥೆಯ ಸಾರವಿಷ್ಟು. ಮೈಂಡ್ ಫ್ಲೇಯರ್ ಎಂಬ ರಾಕ್ಷಸಜಾತಿಯವರು ಕೆಲವು ಜನರನ್ನು ಹಿಡಿದು ಅವರ ತಲೆಯೊಳಗೆ ಹುಳುವೊಂದನ್ನು ಸೇರಿಸಿದ್ದಾರೆ. ಚಿಕಿತ್ಸೆ ದೊರೆಯದಿದ್ದರೆ ಅವರೂ ರಾಕ್ಷಸರಾಗುವರು. ಒಂದೇ ವಿಪತ್ತಿಗೆ ಸಿಲುಕಿದ ಈ ಅಪರಿಚಿತರು ಜೊತೆಗೂಡಿ ನಡೆಯುತ್ತಾರೆ. ಅವರಲ್ಲೊಬ್ಬ ಗೇಲ್ ಎಂಬ ಮಂತ್ರವಾದಿ; ವಾಟರ್‌ಡೀಪ್ ನಗರದವನು; ವಿದ್ಯಾವಂತ, ಮಾತುಗಾರ, ಅಹಂಕಾರಿ, ಒಳ್ಳೆಯವನು. ಮಂತ್ರವಿದ್ಯೆಯ ಅಧಿದೇವತೆ ಮಿಸ್ತ್ರಾ ಒಮ್ಮೆ ಅವನಿಗೆ ಒಲಿದಿದ್ದಳು. ಅವಳ ಸಮಾನನೆನಿಸಿಕೊಳ್ಳುವ ಆಸೆಯಿಂದ ಪುರಾತನ ಮಾಂತ್ರಿಕಶಕ್ತಿಯೊಂದನ್ನು ಕೈಗೆತ್ತಿಕೊಂಡನು. ಅದು ಅವನ ಎದೆಯೊಳಗೆ ಹೊಕ್ಕು ಕುಳಿತಿತು. ಅದು ಸ್ಫೋಟಿಸಿದರೆ ಒಂದು ಮಹಾನಗರವೇ ನೆಲಸಮವಾಗುವುದೆಂದು ಅವನೇ ಹೇಳುತ್ತಾನೆ. ನಮ್ಮವರು ಮಾಯಾ, ಮಿಥ್ಯಾತ್ವ, ನಿದಾನಗಳನ್ನು ಶಲ್ಯಗಳೆಂದು ಕರೆದರು. ಒಳಗೆ ನಟ್ಟು ಹೊರಬರದ ಮುಳ್ಳುಗಳು. ಎದೆಯೊಳಗಿನ ಶಲ್ಯವನ್ನು ಚಿತ್ರವಾಗಿ ತೋರಿಸೆಂದರೆ ಗೇಲನ ಎದೆಯನ್ನೇ ತೋರಿಸಬಹುದು. ಇದು ಕಥೆಗಾರರ ಜಾಣ್ಮೆ.

ಕಥೆಯ ಎರಡನೆಯ ಅಂಕದಲ್ಲಿ ಎಲ್ಮಿನ್‌ಸ್ಟರ್ ಎಂಬ ವೃದ್ಧ ಮಂತ್ರವಾದಿ ಮಿಸ್ತ್ರಾಳ ಸಂದೇಶವನ್ನು ತರುತ್ತಾನೆ. ‘ಆಬ್ಸಲ್ಯೂಟ್’ ಎಂಬ ಸುಳ್ಳು ದೈವದ ಹೆಸರಿನಲ್ಲಿ ಲೋಕವನ್ನು ಕಬಳಿಸುತ್ತಿರುವ ಶಕ್ತಿಯ ಹೃದಯಸ್ಥಾನಕ್ಕೆ ಹೋಗಿ, ಎದೆಯೊಳಗಿನದನ್ನು ಸಿಡಿಸಿ, ಅದನ್ನೂ ತನ್ನನ್ನೂ ಗೇಲನು ನಾಶಮಾಡಿಕೊಳ್ಳಬೇಕು. ಹಾಗೆ ಮಾಡಿದರೆ ದೇವಿ ಕ್ಷಮಿಸುವಳು. ಗೇಲನು ಮುಖ ಬಾಡಿಸಿಕೊಂಡರೂ ಒಪ್ಪಿದವನಂತೆ ಮಾತನಾಡುತ್ತಾನೆ. ಮುಂದೆ ಆ ಸ್ಥಳವನ್ನು ತಲುಪಿದಾಗ, ಶತ್ರುವಿನ ಮೂಲವಾದ ಬೃಹತ್ ಮಿದುಳು ಕೆಳಗಿನ ಕೊಳದಿಂದ ಮೇಲೆದ್ದಾಗ, ಇದೇ ಆ ಗಳಿಗೆಯೆನ್ನುತ್ತಾನೆ. ಆಗ ತೆರೆಯ ಮೇಲೆ ಮಾತುಗಳ ಸಾಲುಗಳು ಮೂಡುತ್ತವೆ. ಆಗಲಿ ಎನ್ನಬಹುದು, ಬೇಡವೆನ್ನಬಹುದು. ಕಾಲಮಿತಿಯಿಲ್ಲ. ಹತ್ತು ನಿಮಿಷ ಸುಮ್ಮನೆ ಕುಳಿತರೂ ಆಟವು ಉತ್ತರಕ್ಕಾಗಿ ಕಾಯುತ್ತದೆ.

“ಅಜ್ಜ, ಸಾಯ್ತೀನಿ ಅಂತ ಅವನೇ ಹೇಳ್ತಿದ್ದಾನೆ. ನಾನೇನೂ ಬಲವಂತ ಮಾಡ್ತಿಲ್ಲ. ಒಬ್ಬ ಹೋದ್ರೆ ಊರೆಲ್ಲ ಉಳಿಯುತ್ತೆ,” ಎಂದನು ಮೊಮ್ಮಗ. ನಾನು ಏನಾದರೂ ಹೇಳುವಷ್ಟರಲ್ಲಿ ಆಗಲಿ ಎಂಬ ಸಾಲನ್ನು ಒತ್ತಿಬಿಟ್ಟನು. ಗೇಲ್ ಸತ್ತನು, ಪಕ್ಕದಲ್ಲಿ ನಿಂತಿದ್ದವರೂ ಉಳಿಯಲಿಲ್ಲ, ಕಥೆ ಅಲ್ಲಿಗೇ ಮುಗಿಯಿತು. ಮೂರನೆಯ ಅಂಕದ ನಗರವನ್ನು ಆ ಹಾದಿಯಲ್ಲಿ ಹೋದವನು ಕಾಣುವುದೇ ಇಲ್ಲ. ಹುಡುಗ ಸ್ವಲ್ಪ ಹೊತ್ತು ಕೈಕಟ್ಟಿ ಕುಳಿತ.

ಅವನ ಮಾತಿನಲ್ಲಿ ಎರಡು ವಾದಗಳಿವೆ. ಒಂದು ಲೆಕ್ಕದ ವಾದ: ಒಂದು ಜೀವ, ಅದಕ್ಕೆದುರಾಗಿ ಅನೇಕ ಜೀವಗಳು. ಇನ್ನೊಂದು ಸಮ್ಮತಿಯ ವಾದ: ಅವನೇ ಒಪ್ಪಿದ್ದಾನೆ, ಆದುದರಿಂದ ನನ್ನ ಪಾಲೇನೂ ಇಲ್ಲ.

ಲೆಕ್ಕದ ವಾದಕ್ಕೆ ನಮ್ಮ ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವನ್ನು ಓದಿದವರಿಗೆ ನೆನಪಿರಬಹುದು: ಒಂದು ಕ್ರೂರಪ್ರಾಣಿಯನ್ನು ಕೊಂದರೆ ಹಲವು ಪ್ರಾಣಿಗಳು ಉಳಿಯುತ್ತವೆಂಬ ಲೆಕ್ಕವನ್ನು ಅವರು ಒಪ್ಪುವುದಿಲ್ಲ. ಅದಕ್ಕಿಂತ ಮುಂದೆ ಹೋಗಿ, ಹಸಿದ ಹೊಟ್ಟೆಯಿಂದ ಎದುರಿಗೆ ಬರುತ್ತಿರುವವನನ್ನು ಕಂಡು ಅವನಿಗೆ ತನ್ನ ಮಾಂಸವನ್ನೇ ನೀಡುವ ಆವೇಶದಲ್ಲಿ ತನ್ನನ್ನು ತಾನು ಕೊಂದುಕೊಳ್ಳುವುದೂ ಸಲ್ಲದೆನ್ನುತ್ತಾರೆ. ಅನ್ಯಮತಗಳ ಕಥೆಗಳಲ್ಲಿ ಬಹುವಾಗಿ ಹೊಗಳಲ್ಪಟ್ಟ ತ್ಯಾಗವಿದು. ನಮ್ಮ ಆಚಾರ್ಯರ ದೃಷ್ಟಿ ಇಲ್ಲಿ ಕಠಿಣವಾಗಿ ಕಾಣುತ್ತದೆ. ಆದರೆ ಆವೇಶವೆಂಬ ಅಂಶವನ್ನು ಗಮನಿಸಬೇಕು. ರಾಗದ ಉದ್ವೇಗದಲ್ಲಿ ಪ್ರಾಣ ಹೋಗುವಾಗ, ಆ ಪ್ರಾಣ ತನ್ನದಾದರೂ ಪರರದಾದರೂ, ಆತ್ಮಪರಿಣಾಮದ ಹಾನಿ ಒಂದೇ. ಇದಕ್ಕೆ ಎದುರಾಗಿ ಶ್ವೇತಾಂಬರ ಆಗಮವಾದ ‘ಜ್ಞಾತಾಧರ್ಮಕಥಾ’ದಲ್ಲಿ ಬರುವ ಆನೆಯನ್ನು ನೆನೆಯಬಹುದು. ಕಾಡ್ಗಿಚ್ಚಿನಲ್ಲಿ ತನ್ನ ಎತ್ತಿದ ಕಾಲಿನ ಕೆಳಗೆ ಬಂದು ಕುಳಿತ ಮೊಲವನ್ನು ತುಳಿಯಲಾರದೆ ಬೆಂಕಿ ಆರುವವರೆಗೂ ಕಾಲನ್ನು ಎತ್ತಿಯೇ ನಿಂತು, ಕೊನೆಗೆ ಬಿದ್ದು ಸತ್ತ ಆನೆ. ಮೇಘಕುಮಾರನ ಪೂರ್ವಜನ್ಮವದು. ಆನೆ ಸಾಯಲು ಹೊರಟಿರಲಿಲ್ಲ, ತುಳಿಯಬಾರದೆಂದು ನಿಂತಿತ್ತು. ಗೇಲನು ಮಾಡಹೊರಟದ್ದು ಅದಲ್ಲ.

ಇಲ್ಲಿ ಕೆಲವರು ಸಲ್ಲೇಖನದ ಮಾತೆತ್ತಬಹುದು. ದೇಹತ್ಯಾಗವನ್ನು ಪೂಜ್ಯವೆಂದು ಭಾವಿಸುವ ನಾವು ಗೇಲನನ್ನು ಹೇಗೆ ತಡೆಯುವುದು? ಈ ಪ್ರಶ್ನೆ ನಮಗೆ ಆಟದ ಪ್ರಶ್ನೆಯಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೊಡನೆ ಸಮೀಕರಿಸಿ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ನೀಡಿತು. ಆ ಮೂರು ವಾರಗಳಲ್ಲಿ ದೇಶದಾದ್ಯಂತ ಜೈನರು ಮೌನಮೆರವಣಿಗೆಗಳಲ್ಲಿ ನಡೆದರು. ಸಲ್ಲೇಖನ ಬೇರೆ, ಆತ್ಮಘಾತ ಬೇರೆಯೆಂದು ಲೋಕಕ್ಕೆ ಹೇಳುವ ನಾವು ಆ ಭೇದವನ್ನು ನಮ್ಮ ಮಕ್ಕಳಿಗೂ ಸ್ಪಷ್ಟವಾಗಿ ತಿಳಿಸಬೇಕಲ್ಲವೆ? ಗೇಲನ ಪ್ರಸಂಗ ಅದಕ್ಕೆ ಒಳ್ಳೆಯ ಸಂದರ್ಭ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೇಳುವಾಗ ಅವು ಪ್ರತೀಕಾರವಿಲ್ಲದವು ಆಗಿರಬೇಕೆಂದು ವಿಧಿಸುತ್ತಾರೆ. ಮೊದಲು ಪರಿಹಾರವನ್ನು ಹುಡುಕಬೇಕು. ‘ತತ್ತ್ವಾರ್ಥಸೂತ್ರ’ವು ಸಲ್ಲೇಖನದ ಅತಿಚಾರಗಳನ್ನು ಐದಾಗಿ ಎಣಿಸುತ್ತದೆ: ಬದುಕಬೇಕೆಂಬ ಆಸೆ, ಸಾಯಬೇಕೆಂಬ ಆಸೆ, ಮಿತ್ರರಲ್ಲಿ ಅನುರಾಗ, ಅನುಭವಿಸಿದ ಸುಖಗಳ ನೆನಪು, ಮತ್ತು ನಿದಾನ, ಅಂದರೆ ಇದಕ್ಕೆ ಪ್ರತಿಯಾಗಿ ನನಗಿಂಥದು ದೊರೆಯಲಿ ಎಂಬ ಬೇಡಿಕೆ. ಗೇಲನಿಗೆ ಸಾಯುವ ಆಸೆಯೂ ಇದೆ, ಗೆಳೆಯರ ಮೇಲಿನ ರಾಗವೂ ಇದೆ, ದೇವಿಯ ಒಲವಿನ ನೆನಪೂ ಇದೆ. ಎಲ್ಲಕ್ಕೂ ಮಿಗಿಲಾಗಿ ಕ್ಷಮೆಯೆಂಬ ಪ್ರತಿಫಲದ ನಿದಾನವಿದೆ. ಅವನದು ಸಮಾಧಿಮರಣವಲ್ಲ, ಬಾಕಿ ತೀರಿಸಲು ಹೊರಟ ಸಾಲಗಾರನ ಸಾವು. ನಾನು ವ್ಯಾಪಾರಿ. ಬಾಕಿಯ ಬದಲಿಗೆ ಸಾಲಗಾರನ ಪ್ರಾಣವನ್ನು ಜಮಾ ಮಾಡಿಕೊಳ್ಳುವ ಸಾಹುಕಾರನನ್ನು ನಮ್ಮ ಪೇಟೆಯಲ್ಲಿ ಯಾರೂ ಗೌರವಿಸುವುದಿಲ್ಲ. ಕರ್ಮವನ್ನು ಮನ್ನಾ ಮಾಡುವ ದೇವರನ್ನು ನಂಬದ ನಮಗಂತೂ ಈ ವ್ಯವಹಾರವೇ ಅಸಂಗತ.

ಹುಡುಗ ಮತ್ತೆ ಅದೇ ದೃಶ್ಯಕ್ಕೆ ಹಿಂದಿರುಗಿ, ಎರಡನೆಯ ಸಲ ಬೇಡವೆಂದನು. ಕಥೆ ಮುಂದುವರಿಯಿತು. ಮೂರನೆಯ ಅಂಕದಲ್ಲಿ ಗೇಲನು ನಗರದ ಗುಡಿಯೊಂದರಲ್ಲಿ ಮಿಸ್ತ್ರಾಳನ್ನೇ ಎದುರಿಸುತ್ತಾನೆ. ಶತ್ರುವಿನ ಶಕ್ತಿಗೆ ಮೂಲವಾದ ಕಿರೀಟವನ್ನು ತನಗೊಪ್ಪಿಸಿದರೆ ಅವನ ಎದೆಯ ಬಾಧೆಯನ್ನು ಗುಣಪಡಿಸುವೆನೆಂದು ಅವಳು ಹೇಳುತ್ತಾಳೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತದ್ದು ಆಗಲೇ. ಹಾಗಾದರೆ ಪ್ರತೀಕಾರವಿತ್ತು! ಸಾಯೆಂದು ಆಜ್ಞೆ ಕಳುಹಿಸಿದವಳ ಕೈಯಲ್ಲಿಯೇ ಔಷಧಿಯಿತ್ತು. ಬದುಕಿದ ಗೇಲನು ಕಿರೀಟದ ಆಸೆಯನ್ನು ಬಿಟ್ಟರೆ ಕೊನೆಗೆ ಪಾಠಹೇಳುವ ಉಪಾಧ್ಯಾಯನಾಗಿಯೂ ಕಾಣಿಸಿಕೊಳ್ಳಬಲ್ಲನು. ಕಥೆಗಾರರು ಇಷ್ಟನ್ನೂ ಕಟ್ಟಿದ್ದಾರೆ. ಆದರೆ ದೇವಿಯ ಈ ನಡತೆಯನ್ನು ಬಿಚ್ಚಿ ತೋರಿಸುವ ಧೈರ್ಯ ಸಾಲದೆ, ಒಂದೆರಡು ಖಾರದ ಮಾತುಗಳ ಅವಕಾಶವನ್ನಷ್ಟೇ ಆಟಗಾರನಿಗಿತ್ತು ಮುಂದೆ ಸಾಗುತ್ತಾರೆ. ಕೃತಿಯ ದೊಡ್ಡ ದೋಷ ಇದೆಂದು ನನ್ನ ಅಭಿಪ್ರಾಯ. ಜನ್ನ ಕವಿ ಚಂಡಮಾರಿಯನ್ನು ಹೀಗೆ ಸುಲಭವಾಗಿ ಬಿಡಲಿಲ್ಲ. ಅವಳ ಗುಡಿಯಲ್ಲಿ ನರಬಲಿಗೆಂದು ತಂದು ನಿಲ್ಲಿಸಿದ ಅಭಯರುಚಿ, ಅಭಯಮತಿಯರ ಬಾಯಿಂದಲೇ ಇಡೀ ಕಥೆಯನ್ನು ಹೇಳಿಸಿ, ಬಲಿಗೆ ಕತ್ತಿ ಹಿಡಿದ ಮಾರಿದತ್ತನನ್ನೇ ವಿರಕ್ತನನ್ನಾಗಿಸಿದನು.

ಇನ್ನು ಸಮ್ಮತಿಯ ವಾದ. ಈ ಆಟದ ನಿಜವಾದ ಬೆಲೆ ಇಲ್ಲಿಯೇ ಇದೆ. ಬೇಕೆಂದರೆ ಆಟಗಾರನು ಗೇಲನ ಪಾತ್ರವನ್ನೇ ಧರಿಸಿ ಆಡಬಹುದು. ಆಗ ಸಾಯುವ ನಿರ್ಧಾರ ಕೃತದ ಕೋಟಿಗೆ ಸೇರುತ್ತದೆ. ಆದರೆ ಬೇರೆ ಪಾತ್ರವನ್ನು ಧರಿಸಿದವನು ಸಹಚರನ ಸಾವಿಗೆ ತಲೆಯಾಡಿಸುವವನು ಮಾತ್ರ. ಕಥೆಗಾರರು ಇವನ ತಲೆಯಾಡಿಸುವಿಕೆಗಾಗಿಯೇ ಲೋಕದ ಗತಿಯನ್ನು ನಿಲ್ಲಿಸಿ ಕಾಯುತ್ತಾರೆ. ಒಪ್ಪಿಗೆ ಎಂಬುದು ಏನೂ ಮಾಡದಿರುವಿಕೆಯಲ್ಲ, ಅದೂ ಒಂದು ಕ್ರಿಯೆ ಎಂದು ಇಷ್ಟು ಸ್ಪಷ್ಟವಾಗಿ ಕಾಣಿಸುವ ಕೃತಿಗಳನ್ನು ನಾನು ಹೆಚ್ಚು ನೋಡಿಲ್ಲ. ಇನ್ನೊಬ್ಬರ ಸಾಲಪತ್ರಕ್ಕೆ ಜಾಮೀನು ಸಹಿ ಹಾಕಿದವನು, ಹಣವನ್ನು ನಾನು ಖರ್ಚುಮಾಡಲಿಲ್ಲವೆಂದರೆ ಬ್ಯಾಂಕಿನವರು ಕೇಳುವರೆ?

ಅದೇ ಆಟದಲ್ಲಿ ಇದಕ್ಕೆ ವಿರುದ್ಧವಾಗಿ ಕೆಲಸಮಾಡುವ ಏರ್ಪಾಡೂ ಒಂದಿದೆ. ಆಟಗಾರನ ನಡೆನುಡಿಗಳನ್ನು ಸಹಚರರು ಮೆಚ್ಚಿದರೋ ಇಲ್ಲವೋ ಎಂದು ತೆರೆಯ ಮೂಲೆಯಲ್ಲಿ ಆಗಾಗ ತಿಳಿಸುತ್ತಾರೆ. ಒಳಗೆ ಅದಕ್ಕೊಂದು ಲೆಕ್ಕವಿರುತ್ತದೆ. ಸ್ನೇಹವು ಖಾತೆಯ ಶಿಲ್ಕಿನಂತಾಗುತ್ತದೆ. ಮನವೊಲಿಸುವ ಮಾತು ಫಲಿಸುವುದೋ ಇಲ್ಲವೋ ಎಂಬುದನ್ನು ಹಲವೆಡೆ ದಾಳವೇ ನಿರ್ಣಯಿಸುತ್ತದೆ. ಅಂತಿಮ ಅಂಕದಲ್ಲಿ ಗೇಲನು ಮತ್ತೊಮ್ಮೆ ಪ್ರಾಣಾರ್ಪಣೆಗೆ ಮುಂದಾಗಬಲ್ಲನು. ಅದನ್ನು ಸ್ವೀಕರಿಸಿದರೆ ಆಟಗಾರನಿಗೆ ಕೊನೆಯ ಕಾಳಗದ ಶ್ರಮ ತಪ್ಪುತ್ತದೆ. ಎರಡನೆಯ ಅಂಕದಲ್ಲಿ ಒಪ್ಪಿಗೆಯ ಬೆಲೆಯನ್ನು ಎಲ್ಲರಿಂದಲೂ ವಸೂಲು ಮಾಡಿದ ಕಥೆ, ಇಲ್ಲಿ ಅದೇ ಒಪ್ಪಿಗೆಗೆ ರಿಯಾಯಿತಿ ಕೊಡುತ್ತದೆ. ಒಬ್ಬನ ಸಾವು ಇನ್ನೊಬ್ಬನ ಅನುಕೂಲವಾಗುವಾಗ ಆ ಸಾವನ್ನು ತ್ಯಾಗವೆಂದು ಹೊಗಳಲು ನಾಲಿಗೆ ಬೇಗ ಹೊರಳುತ್ತದೆ.

ಹೊಗಳಿಕೆಯ ಮಾತು ಬಂದುದರಿಂದ ಒಂದು ಸಂಗತಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಗರುಡಸ್ತಂಭವಿದೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನೊಡನೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಮತ್ತು ಅವನ ಸಂಗಡಿಗರ ಸ್ಮಾರಕವದು; ತಮ್ಮ ಕೊರಳಿಗೆ ತಾವೇ ಕತ್ತಿಯಿಟ್ಟುಕೊಂಡ ವೀರರ ಚಿತ್ರಗಳು ಅದರ ಮೇಲಿವೆ. ಅದೇ ಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾಗಿದ್ದವನು ಜನ್ನ. ಹಿಟ್ಟಿನ ಕೋಳಿಯನ್ನು ಕಡಿದದ್ದೂ ಹಿಂಸೆಯೆಂದು ಹಾಡಿದ ಕವಿಯನ್ನು ಮನ್ನಿಸಿದ ಅರಮನೆಯಲ್ಲಿಯೇ, ಹನ್ನೊಂದು ವರ್ಷಗಳ ತರುವಾಯ, ಒಡೆಯನಿಗಾಗಿ ಕೊರಳು ಕೊಯ್ದುಕೊಂಡವರಿಗೆ ಕಂಬ ನಿಂತಿತು. ಕಂಬವನ್ನು ನೋಡಲು ಹೋದಾಗಲೆಲ್ಲ ನಾನು ಸತ್ತವರ ಬಗೆಗಿಂತ ಕಂಬ ನಿಲ್ಲಿಸಿದವರ ಬಗೆಗೆ ಯೋಚಿಸುತ್ತೇನೆ.

ನನ್ನ ಮನೆಯ ಕಂಬವನ್ನೂ ಹೇಳಿಬಿಡುವುದು ನ್ಯಾಯ. ತಂದೆಯವರು ತೀರಿಕೊಂಡಾಗ ಅಣ್ಣನವರು ಕಾಲೇಜಿನ ಎರಡನೆಯ ವರ್ಷದಲ್ಲಿದ್ದರು. ಓದು ಬಿಟ್ಟು ಅಂಗಡಿಯಲ್ಲಿ ಕೂರುತ್ತೇನೆಂದು ತಾವಾಗಿಯೇ ಹೇಳಿದರು. ಅಮ್ಮ, ಚಿಕ್ಕಪ್ಪ, ನಾನು, ಯಾರೂ ಬೇಡವೆನ್ನಲಿಲ್ಲ. ಆ ಅಂಗಡಿಯ ಆದಾಯದಲ್ಲಿ ನಾನು ಬಿ.ಕಾಂ. ಮುಗಿಸಿದೆ. ಅಣ್ಣನವರಿಗೆ ಗಣಿತದಲ್ಲಿ ನನಗಿಂತ ಎಷ್ಟೋ ಹೆಚ್ಚಿನ ಗತಿಯಿತ್ತು. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು, ಬಿಡುವಿನಲ್ಲಿ ಬಿಲ್ಲಿನ ಹಾಳೆಗಳ ಹಿಂಬದಿಯಲ್ಲಿ ಬೀಜಗಣಿತದ ಲೆಕ್ಕಗಳನ್ನು ಬಿಡಿಸುತ್ತಿದ್ದರು. ಮದುವೆ, ಶ್ರಾದ್ಧ, ಬಸದಿಯ ಸಭೆ, ಎಲ್ಲಿ ಹೋದರೂ ಅವರ ತ್ಯಾಗವನ್ನು ನಾವು ಹೊಗಳಿದೆವು. ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿತ್ತು: “ಅವರೇ ಒಪ್ಪಿದ್ದು.” ಮೊಮ್ಮಗನ ಬಾಯಲ್ಲಿ ಅದೇ ಮಾತು ಬಂದಾಗ ನಾನು ಬೆಚ್ಚಿದ್ದು ಅದಕ್ಕೆ. ಬೇಡವೆನ್ನಲು ನಮಗೂ ಕಾಲಮಿತಿಯೇನೂ ಇರಲಿಲ್ಲ. ಅಂಗಡಿಯನ್ನು ಬಾಡಿಗೆಗೆ ಕೊಡಬಹುದಿತ್ತು. ಚಿಕ್ಕಪ್ಪ ಎರಡು ವರ್ಷ ನೋಡಿಕೊಳ್ಳಬಹುದಿತ್ತು. ನಾನು ಸಂಜೆ ಕಾಲೇಜಿಗೆ ಸೇರಬಹುದಿತ್ತು. ಪ್ರತೀಕಾರವಿತ್ತು. ಹುಡುಕುವುದು ಯಾರಿಗೂ ಬೇಕಿರಲಿಲ್ಲ.

ಹಿಂದಿರುಗಿ ಬೇರೆ ಉತ್ತರ ಒತ್ತುವ ಸೌಲಭ್ಯ ಆಟದಲ್ಲಿದೆ. ಅದರಿಂದ ನಿರ್ಧಾರದ ತೂಕ ಕಡಿಮೆಯಾಗುತ್ತದೆಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಅದಕ್ಕೆಂದೇ 2023ರ ನವೆಂಬರ್ ಕೊನೆಯಲ್ಲಿ ‘ಆನರ್ ಮೋಡ್’ ಎಂಬ ಬಗೆಯನ್ನು ಸೇರಿಸಿದರಂತೆ. ಅದರಲ್ಲಿ ಹಿಂದಿನ ಸ್ಥಿತಿಗೆ ಮರಳುವ ದಾರಿಯಿಲ್ಲ. ಪ್ರತಿಕ್ರಮಣಕ್ಕೂ ಹಿಂದಿರುಗುವುದೆಂಬ ಅರ್ಥವಿದೆಯಾದರೂ ಅಲ್ಲಿ ಆದದ್ದು ಅಳಿಯುವುದಿಲ್ಲ; ಆದದ್ದನ್ನು ಒಪ್ಪಿಕೊಂಡು ತನ್ನ ಸ್ಥಾನಕ್ಕೆ ಮರಳುವುದಷ್ಟೇ. ಆದರೆ ನನ್ನ ಮೊಮ್ಮಗನ ವಿಷಯದಲ್ಲಿ ಆ ಸೌಲಭ್ಯವೇ ಉಪಕಾರ ಮಾಡಿತೆನ್ನಬೇಕು. ಎರಡು ಉತ್ತರಗಳ ಫಲವನ್ನೂ ಒಂದೇ ಸಂಜೆಯಲ್ಲಿ ಕಂಡನು. ನಮಗೆ ಅಣ್ಣನವರ ವಿಷಯದಲ್ಲಿ ಒಂದೇ ಫಲ ಕಾಣಸಿಕ್ಕಿತು.

ಅವನು ಬೆಂಗಳೂರಿಗೆ ಹಿಂದಿರುಗಿದ ಮೇಲೆ ಒಂದು ಭಾನುವಾರ ಫೋನು ಮಾಡಿದ್ದನು. ಈ ಸಲ ಗೇಲನ ಪಾತ್ರವನ್ನೇ ಧರಿಸಿ ಮೊದಲಿನಿಂದ ಆಡುತ್ತಿದ್ದಾನಂತೆ, ಅದೂ ಹಿಂದಿರುಗಲಾಗದ ಬಗೆಯಲ್ಲಿ. ಎಲ್ಮಿನ್‌ಸ್ಟರ್ ಸಂದೇಶ ತಂದಾಯಿತೇ ಎಂದು ಕೇಳಿದೆ. “ಇನ್ನೂ ಇಲ್ಲ ಅಜ್ಜ, ಅಲ್ಲಿಗೆ ಬಂದಾಗ ಫೋನ್ ಮಾಡ್ತೀನಿ,” ಎಂದನು.